ಕಡಲ ಮೀನಿಗೂ ತಾಯಿಮರ ಕೇಳೋಣ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆ ಈಗ ಚಾವಡಿಯಲ್ಲಿ ಮೀನಿನ ಗಾಜಿನ ತೊಟ್ಟಿ ಇಡುವುದು ಅಪರೂಪವಲ್ಲ. ಹೆಚ್ಚಿನವು ಸಿಹಿನೀರಿನವು. 2003ರ ನೀಮೋ ಸಿನಿಮಾ ನೋಡಿದ ಮಕ್ಕಳಿಗೆ ಮಾತ್ರ ಉಪ್ಪುನೀರಿನ ಕ್ಲೌನ್ ಮೀನೇ ಬೇಕು. ಆಸೆ ತಪ್ಪಲ್ಲ. ಆ ಮೀನು ಎಲ್ಲಿ ಹುಟ್ಟಿದ್ದು ಅಂತ ಕೇಳದೆ ತರುವುದು ತಪ್ಪು ಎಂಬುದು ನನ್ನ ಅಭಿಪ್ರಾಯ.

ನನ್ನದು ಮಳೆ ನಂಬಿದ ಬೆಟ್ಟು ಜಾಗ, ಗುಡ್ಡೆಯಲ್ಲಿ ಗೇರು. ಉಳ್ಳಾಲ-3 ಅಂತ ಹೇಳಿ ಕಸಿಗಿಡ ಕೊಟ್ಟರೆ ತಾಯಿಮರ ಎಲ್ಲಿಯದು ಅಂತ ಹತ್ತು ಸಲ ಕೇಳ್ತೇವೆ. ಅದಕ್ಕಿಂತ ಎಷ್ಟೋ ಪಾಲು ಬೆಲೆಯ ಮೀನಿಗೆ ಯಾಕೆ ಕೇಳಬಾರದು?

ಫಿಲಿಪ್ಪೀನ್ಸ್, ಇಂಡೋನೇಷ್ಯಾ ಕಡಲುಗಳಲ್ಲಿ ಹವಳದ ಸಂದಿಗೆ ಸಯನೈಡ್ ಚಿಮ್ಮಿಸಿ ಬಣ್ಣದ ಮೀನು ಹಿಡಿಯುವ ಚಾಳಿ ಬೆಳೆದಿತ್ತು. ಮೀನಿಗೆ ಮತ್ತು ಬರಿಸುವ ವಿಷ ಹವಳವನ್ನೂ ಕೊಲ್ಲುತ್ತದೆ. 1996ರಲ್ಲಿ ಶಿಶಿಲದ ಮತ್ಸ್ಯತೀರ್ಥಕ್ಕೆ ವಿಷ ಹಾಕಿ ದೇವರ ಮೀನು ಕೊಂದದ್ದನ್ನು ಬೆಳ್ತಂಗಡಿಯವರು ಮರೆತಿಲ್ಲ. ನಮ್ಮ ಹೊಳೆಗಾದರೆ ಹೊಟ್ಟೆ ಉರಿಯುತ್ತದೆ, ದೂರದ ಕಡಲಿಗಾದರೆ ಲೆಕ್ಕ ಇಲ್ಲವೇ?

ಬೇರೆ ದಾರಿ ಇದೆ. ಕೇಂದ್ರ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ವಿಳಿಂಜಂ, ಮಂಡಪಂಗಳಲ್ಲಿ ಕ್ಲೌನ್ ಮೀನನ್ನು ತೊಟ್ಟಿಯಲ್ಲೇ ಮರಿ ಮಾಡಿಸಿದ್ದಾರೆ. ಜೋಡಿ ಮೀನು ಹೆಂಚಿನ ತುಂಡಿಗೋ ಮಣ್ಣಿನ ಚಟ್ಟಿಗೋ ಮೊಟ್ಟೆ ಅಂಟಿಸುತ್ತದೆ. ಗಂಡು ರೆಕ್ಕೆ ಬೀಸಿ ಕಾಯುತ್ತದೆ. ಸುಮಾರು ಒಂದು ವಾರದಲ್ಲಿ ಮರಿ. ಅದಕ್ಕೆ ಮೊದಲ ಆಹಾರ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿ ರೋಟಿಫರ್. ತೊಟ್ಟಿಯಲ್ಲಿ ಹುಟ್ಟಿದ ಮೀನಿಗೆ ಒಣ ತಿಂಡಿ ಅಭ್ಯಾಸ. ಕಡಲಿನಿಂದ ಹಿಡಿದದ್ದು ಎಷ್ಟೋ ಸಲ ತಿಂಡಿ ಮುಟ್ಟದೆ ಸೊರಗುತ್ತದೆ. ಎಲ್ಲ ಜಾತಿಯೂ ಹೀಗೆ ಮರಿಯಾಗುವುದಿಲ್ಲ. ಅಂಥವನ್ನು ಕಡಲಲ್ಲೇ ಬಿಡೋಣ.

ತರುವವರು ಕಷ್ಟವನ್ನೂ ತಿಳಿದಿರಲಿ. ಲೀಟರಿಗೆ ಸುಮಾರು 35 ಗ್ರಾಂ ಉಪ್ಪು ಬೇಕು, ಅಡಿಗೆ ಉಪ್ಪು ಆಗದು, ಅಕ್ವೇರಿಯಂನದ್ದೇ ಆಗಬೇಕು. ನೀರು ಆರಿದರೆ ಉಪ್ಪು ಉಳಿಯುತ್ತದೆ, ಆದ್ದರಿಂದ ಬರೇ ಸಿಹಿನೀರು ತುಂಬಬೇಕು. ಕಡಲ ನೀರೇ ತಂದರಾಯಿತು ಅನ್ನಬೇಡಿ. ಮಳೆಗಾಲದಲ್ಲಿ ನೇತ್ರಾವತಿ, ಗುರುಪುರ ಹೊಳೆಗಳು ಸೇರುವ ಅಳಿವೆ ಬಾಗಿಲಲ್ಲಿ ನೀರು ಸಪ್ಪೆ, ಬಣ್ಣ ಕೆಂಪು. ಹೊಸ ತೊಟ್ಟಿಯೂ ಗೊಬ್ಬರಗುಂಡಿಯ ಹಾಗೆ, ಒಳ್ಳೆಯ ಬ್ಯಾಕ್ಟೀರಿಯ ಬೆಳೆದು ಹದವಾಗಲು ತಿಂಗಳು ಬೇಕು. ಜೂನ್ ಗಾಳಿಗೆ ಕರೆಂಟು ಹೋದರೆ ಗಾಳಿಯ ಪಂಪಿಗೆ ಬ್ಯಾಟರಿ ಬೇಡವೇ?

ಇದನ್ನೇ ಉಪಕಸುಬು ಮಾಡಿ, ಮರಿ ನಾವೇ ಕೊಳ್ತೇವೆ ಎನ್ನುವವರು ಬಂದರೆ ವೆನಿಲ್ಲಾ ಕಾಲವನ್ನು ನೆನಪು ಮಾಡಿಕೊಳ್ಳಿ. ನಮ್ಮ ಹಳೆ ಬಂದರಿನಿಂದ ಸಾಮಾನು ಹೋಗುವ ಲಕ್ಷದ್ವೀಪದ ಅಗತ್ತಿಯಲ್ಲಿ ಹೆಂಗಸರು ಅಲಂಕಾರಿಕ ಸಿಗಡಿ ಮರಿ ಸಾಕಿದ್ದಾರೆ. ಅಲ್ಲಿ ಮನೆ ಬದಿಯಲ್ಲೇ ಕಡಲು, ಬೆನ್ನಿಗೆ ಸರಕಾರಿ ಸಂಶೋಧನಾ ಸಂಸ್ಥೆ. ನಮಗೆ ಎರಡೂ ಇಲ್ಲ ಮಾರಾಯ್ರೆ.

ಶೋಕಿಗೆ ಒಂದು ಜೋಡಿ ಸಾಕುವವರು ಸಾಕಲಿ. ಅಂಗಡಿಯಲ್ಲಿ ಒಂದೇ ಪ್ರಶ್ನೆ ಕೇಳಿ: ತೊಟ್ಟಿಯಲ್ಲಿ ಹುಟ್ಟಿದ್ದೋ, ಕಡಲಿನಿಂದ ಹಿಡಿದದ್ದೋ? ಉತ್ತರ ಬಾರದಿದ್ದರೆ ಬರಿಗೈಯಲ್ಲಿ ಮನೆಗೆ ಬನ್ನಿ. ಗಿರಾಕಿ ಕೇಳದೆ ವ್ಯಾಪಾರಿ ಬದಲಾಗುವುದಿಲ್ಲ.