ಅಮೇರಿಕೆಯ ಯುದ್ಧವೂ ನೆಬ್ರಾಸ್ಕದ ಶಿಕ್ಷಕನೂ

ಅಮೇರಿಕೆಯ ಯುದ್ಧಗಳನ್ನು ಕುರಿತು ಬರೆಯುವವರು ಸಾಧಾರಣವಾಗಿ ರಣರಂಗದ ಲೆಕ್ಕವನ್ನೇ ಹೇಳಿ ಮುಗಿಸುತ್ತಾರೆ. ಎಷ್ಟು ಹಡಗುಗಳು ಮುಳುಗಿದವು, ಎಷ್ಟು ಸೈನಿಕರು ಮಡಿದರು, ಯಾವ ಒಪ್ಪಂದಕ್ಕೆ ಯಾರು ರುಜು ಹಾಕಿದರು, ಇಷ್ಟರಲ್ಲಿ ವಿಷಯವು ತೀರಿತೆಂದು ಅವರ ಎಣಿಕೆ. ಆದರೆ ಆ ರಾಷ್ಟ್ರವು ಮೊದಲನೆಯ ಮಹಾಯುದ್ಧದಲ್ಲಿ ಕಾಲಿಟ್ಟ ಕಥೆಯನ್ನು ಓದಿದಾಗಲೆಲ್ಲ ನಮ್ಮ ಮನಸ್ಸು ಫ್ರಾನ್ಸಿನ ರಣಭೂಮಿಯನ್ನು ಬಿಟ್ಟು ನೆಬ್ರಾಸ್ಕ ಸಂಸ್ಥಾನದ ಒಂದು ಚಿಕ್ಕ ಶಾಲೆಯ ಕಡೆಗೇ ಹೋಗುತ್ತದೆ. ನಮ್ಮ ವಾಚಕರಲ್ಲಿ ಶಿಕ್ಷಕ ಬಂಧುಗಳು ಬಹುಮಂದಿ ಇರುವುದರಿಂದ ಆ ಶಾಲೆಯ ಸಂಗತಿಯನ್ನು ತುಸು ವಿಸ್ತರಿಸಿ ಹೇಳುವುದು ಅನುಚಿತವಾಗಲಾರದು.

ಅಧ್ಯಕ್ಷ ವಿಲ್ಸನ್ನರು 1916ರ ಚುನಾವಣೆಯನ್ನು ಗೆದ್ದುದು, ದೇಶವನ್ನು ಯುದ್ಧದಿಂದ ದೂರವಿರಿಸಿದವರು ಇವರೇ ಎಂಬ ಸ್ವಪಕ್ಷೀಯರ ಘೋಷದ ನಡುವೆ. ಐದು ತಿಂಗಳು ಕಳೆಯುವಷ್ಟರಲ್ಲಿ, 1917ನೆಯ ಎಪ್ರಿಲ್ 6ರಂದು, ಅದೇ ದೇಶವು ಜರ್ಮನಿಯ ಮೇಲೆ ಯುದ್ಧ ಸಾರಿತು. ಮೇ ತಿಂಗಳಲ್ಲಿ ಕಡ್ಡಾಯದ ಸೈನ್ಯಭರ್ತಿಯ ಕಾಯಿದೆ ಬಂತು. ಜೂನಿನಲ್ಲಿ ಗೂಢಚರ್ಯೆಯ ಕಾಯಿದೆ. ಮರುವರ್ಷ ಅದಕ್ಕೆ ರಾಜದ್ರೋಹದ ಕಲಮುಗಳ ಬಾಲವೂ ಹತ್ತಿತು. ರಾಜನೇ ಇಲ್ಲದ ದೇಶದಲ್ಲಿ ರಾಜದ್ರೋಹವೆಂಬುದು ಹುಟ್ಟಿದ ವಿಚಿತ್ರವನ್ನು, ಆ ಕಲಮಿನ ರುಚಿಯನ್ನು ಬಲ್ಲ ನಮ್ಮ ಜನಕ್ಕೆ ಬಿಡಿಸಿ ಹೇಳಬೇಕಾಗಿಲ್ಲ. ಸಮಾಜವಾದೀ ಮುಖಂಡರಾದ ಯೂಜಿನ್ ಡೆಬ್ಸರು 1918ರ ಜೂನಿನಲ್ಲಿ ಓಹಾಯೋದ ಕ್ಯಾಂಟನ್ ಊರಿನಲ್ಲಿ ಒಂದು ಭಾಷಣ ಮಾಡಿದ ತಪ್ಪಿಗೆ ಅವರಿಗೆ ಹತ್ತು ವರ್ಷಗಳ ಸಜೆಯಾಯಿತು. ಅವರು ಸೆರೆಮನೆಯಿಂದಲೇ 1920ರ ಅಧ್ಯಕ್ಷ ಪದವಿಗೆ ಸ್ಪರ್ಧಿಸಿದರು. 9 ಲಕ್ಷಕ್ಕೂ ಮಿಕ್ಕಿ ಮತಗಳು ಬಿದ್ದವು! ಜಗತ್ತನ್ನು ಪ್ರಜಾಪ್ರಭುತ್ವಕ್ಕೆ ಸುರಕ್ಷಿತವನ್ನಾಗಿಸಲೆಂದು ಹೊರಟ ಯುದ್ಧವು ಮನೆಯಲ್ಲಿ ಮಾಡಿದ ಕೆಲಸವಿದು.

ನಮ್ಮವರೂ ಇದರಿಂದ ಪಾರಾಗಲಿಲ್ಲ. ಗದರ್ ಪಕ್ಷದ ದೇಶಭಕ್ತರ ಮೇಲೆ ಸಾನ್‌ಫ್ರಾನ್ಸಿಸ್ಕೋದಲ್ಲಿ 1917ರ ನವೆಂಬರದಿಂದ 1918ರ ಎಪ್ರಿಲ್‌ವರೆಗೆ ಖಟ್ಲೆ ನಡೆಯಿತು. ಅಮೇರಿಕೆಯ ತಟಸ್ಥತೆಗೆ ಭಂಗ ತಂದರೆಂಬುದು ಅವರ ಮೇಲಿನ ಆರೋಪ. ವಿಚಾರಣೆ ನಡೆಸಿದ ದೇಶವೋ ಆ ವೇಳೆಗೆ ತಟಸ್ಥತೆಯನ್ನು ತಾನೇ ಗಾಳಿಗೆ ತೂರಿತ್ತು. ಲಾಲಾ ಲಜಪತರಾಯರೂ, ಅವರ ಜೊತೆಗಾರರಾಗಿ ದುಡಿದ ನಮ್ಮ ಹುಬ್ಬಳ್ಳಿಯ ಡಾಕ್ಟರ್ ಹರ್ಡೀಕರರೂ ಆ ದೇಶದಲ್ಲಿ ಹಿಂದುಸ್ಥಾನದ ಸ್ವರಾಜ್ಯದ ಮಾತನ್ನಾಡಿದ್ದು ಇಂಥ ಬಿಸಿಗಾಳಿಯ ದಿನಗಳಲ್ಲಿಯೇ.

ಆದರೆ ಯುದ್ಧದ ಪೂರ್ಣವಾದ ಏಟು ಬಿದ್ದುದು ಜರ್ಮನ್ ನುಡಿಯವರ ಮೇಲೆ. ಜರ್ಮನಿಯಲ್ಲಿ ಹುಟ್ಟಿ ಬಂದವರೇ ಆಗ ಅಮೇರಿಕೆಯಲ್ಲಿ 20 ಲಕ್ಷಕ್ಕೂ ಹೆಚ್ಚು ಜನರಿದ್ದರು. ಅವರ ಮಕ್ಕಳು ಮೊಮ್ಮಕ್ಕಳ ಸಂಖ್ಯೆ ಬೇರೆ. ಅವರ ಮಕ್ಕಳೇ ಸೈನ್ಯದಲ್ಲಿ ಸೇರಿ ಜರ್ಮನಿಯ ವಿರುದ್ಧ ಕಾದುತ್ತಿದ್ದರೂ ಅವರ ಮಾತು ಮಾತ್ರ ಶತ್ರುವಿನ ಮಾತಾಯಿತು. 1918ರ ಎಪ್ರಿಲ್‌ನಲ್ಲಿ ಇಲಿನಾಯ್‌ನ ಕಾಲಿನ್ಸ್‌ವಿಲ್ಲಿನಲ್ಲಿ ಪ್ರೇಗರ್ ಎಂಬ ಜರ್ಮನ್ ಹುಟ್ಟಿನ ಗಣಿಯ ಕೂಲಿಕಾರನನ್ನು ಗುಂಪು ಮರಕ್ಕೆ ನೇಣುಹಾಕಿತು. ಪಂಚರು ಆರೋಪಿಗಳೆಲ್ಲರನ್ನೂ ನಿರ್ದೋಷಿಗಳೆಂದು ಬಿಟ್ಟುಕೊಟ್ಟರು. ಮರುತಿಂಗಳು ಅಯೋವಾದ ಗವರ್ನರರು ಶಾಲೆಯಲ್ಲಿ, ಇಗರ್ಜಿಯಲ್ಲಿ, ರೈಲಿನಲ್ಲಿ, ಟೆಲಿಫೋನಿನಲ್ಲಿ ಕೂಡ ಇಂಗ್ಲಿಷಲ್ಲದೆ ಬೇರೆ ಮಾತು ಕೂಡದೆಂದು ಡಂಗುರ ಸಾರಿಸಿದರು. ಹುಳಿಹಿಡಿಸಿದ ಕೋಸಿನ ಪಲ್ಯಕ್ಕಿದ್ದ ಜರ್ಮನ್ ಹೆಸರನ್ನು ಕಿತ್ತುಹಾಕಿ ಸ್ವಾತಂತ್ರ್ಯದ ಕೋಸೆಂದು ನಾಮಕರಣ ಮಾಡಿದವರೂ ಇದ್ದರು.

ಇನ್ನು ಆ ಶಾಲೆಯ ಮಾತು. 1918ನೆಯ ನವೆಂಬರ 11ಕ್ಕೆ ತೋಪುಗಳ ಸದ್ದಡಗಿತು. ನೆಬ್ರಾಸ್ಕದ ಶಾಸನಸಭೆಯಾದರೋ 1919ರ ಎಪ್ರಿಲ್‌ನಲ್ಲಿ, ಯುದ್ಧ ನಿಂತು ಐದು ತಿಂಗಳ ಮೇಲೆ, ಎಂಟನೆಯ ಇಯತ್ತೆ ದಾಟದ ಮಕ್ಕಳಿಗೆ ಇಂಗ್ಲಿಷಲ್ಲದ ಜೀವಂತ ಭಾಷೆಯನ್ನು ಕಲಿಸುವುದೇ ಅಪರಾಧವೆಂದು ಕಾಯಿದೆ ಮಾಡಿತು. ಲ್ಯಾಟಿನ್, ಗ್ರೀಕುಗಳಿಗೆ ಅಡ್ಡಿಯಿರಲಿಲ್ಲ. ತಾಯಿ ಆಡುವ ಮಾತಿಗೆ ಮಾತ್ರ ಅಡ್ಡಿ. ಹ್ಯಾಂಪ್ಟನ್ ಊರಿನ ಬಳಿಯ ಲೂಥರನ್ ಪಂಥದ ಶಾಲೆಯಲ್ಲಿ ರಾಬರ್ಟ್ ಮೇಯರ್ ಎಂಬ ಶಿಕ್ಷಕನಿದ್ದನು. ಆತನು 1920ರ ಮೇ ತಿಂಗಳಲ್ಲಿ, ಮಧ್ಯಾಹ್ನದ ಬಿಡುವಿನ ವೇಳೆಯಲ್ಲಿ, ಹತ್ತು ವರ್ಷದ ಹುಡುಗನೊಬ್ಬನಿಗೆ ಜರ್ಮನ್ ಭಾಷೆಯ ಬೈಬಲ್ ಕಥೆಯನ್ನು ಓದಿಸುತ್ತಿದ್ದನು. ಅಷ್ಟಕ್ಕೇ ಖಟ್ಲೆ ಹೂಡಿ 25 ಡಾಲರ್ ದಂಡ ಹಾಕಿದರು. ಸಂಸ್ಥಾನದ ಉಚ್ಚ ನ್ಯಾಯಾಲಯವೂ ದಂಡವನ್ನೇ ಎತ್ತಿಹಿಡಿಯಿತು.

ಇಲ್ಲಿ ನಾವು ಓದುಗರನ್ನು ಕೇಳುವುದೊಂದಿದೆ. ಆ ಹುಡುಗನ ಓದಿನಿಂದ ಯಾವ ಸೈನ್ಯಕ್ಕೆ ಅಪಾಯವಿದ್ದಿತು? ಯುದ್ಧಕಾಲದಲ್ಲಿ ಸರಕಾರವು ಕೆಲವು ಅಧಿಕಾರಗಳನ್ನು ಬೇಡುವುದುಂಟು. ಹಡಗುಗಳು ಯಾವಾಗ ಹೊರಡುವುವೆಂಬುದನ್ನು ಪತ್ರಿಕೆಗಳು ಅಚ್ಚು ಹಾಕಬಾರದೆಂದರೆ ನಾವೂ ಒಪ್ಪುತ್ತೇವೆ. ಆದರೆ ಭಯದ ನೆರಳಿನಲ್ಲಿ ಕೊಟ್ಟ ಅಧಿಕಾರವು ಭಯ ಹೋದ ಮೇಲೂ ಹೋಗುವುದಿಲ್ಲ. ರಾಜದ್ರೋಹದ ಕಲಮುಗಳನ್ನು 1920ರ ಡಿಸೆಂಬರದಲ್ಲಿ ರದ್ದುಪಡಿಸಿದರು ನಿಜ; 1917ರ ಮೂಲ ಕಾಯಿದೆಯು ನೂರು ವರ್ಷ ದಾಟಿಯೂ ಪುಸ್ತಕದಲ್ಲಿ ಹಾಗೆಯೇ ಇದೆ. ಎರಡನೆಯ ಮಹಾಯುದ್ಧದಲ್ಲಿ ಇದೇ ಭಯವು ಜಪಾನೀ ವಂಶದವರತ್ತ ತಿರುಗಿತು: 1942ರ ಫೆಬ್ರುವರಿಯ ಅಧ್ಯಕ್ಷಾಜ್ಞೆಯ ಫಲವಾಗಿ ಸುಮಾರು 1,20,000 ಜನರು, ಅವರಲ್ಲಿ ಮೂರರಲ್ಲೆರಡು ಪಾಲು ಅಮೇರಿಕೆಯ ಪ್ರಜೆಗಳೇ, ಮನೆಮಠ ಬಿಟ್ಟು ಮುಳ್ಳುತಂತಿಯೊಳಗಿನ ಶಿಬಿರಗಳನ್ನು ಸೇರಬೇಕಾಯಿತು. ಕ್ಷಮಾಪಣೆಯ ಕಾನೂನು ಬಂದುದು 1988ರಲ್ಲಿ.

ಯುದ್ಧದಿಂದ ಒಳ್ಳೆಯದೇ ಆಗಲಿಲ್ಲವೆಂದರೆ ಅದು ಪಕ್ಷಪಾತವಾದೀತು. ಸ್ತ್ರೀಯರಿಗೆ 1920ರಲ್ಲಿ ಮತಾಧಿಕಾರ ದೊರೆಯುವುದಕ್ಕೆ ಯುದ್ಧಕಾಲದ ಅವರ ದುಡಿಮೆಯೂ ಒಂದು ಕಾರಣ. 1944ರ ಕಾಯಿದೆಯಿಂದ ಮರಳಿ ಬಂದ ಸೈನಿಕರಲ್ಲಿ 70 ಲಕ್ಷಕ್ಕೂ ಮಿಕ್ಕಿ ಜನರು ಸರಕಾರದ ಹಣದಿಂದ ವಿದ್ಯೆಯನ್ನೋ ಕಸಬನ್ನೋ ಕಲಿತರು. ಇದನ್ನು ನಾವು ಮನಸಾರೆ ಮೆಚ್ಚುತ್ತೇವೆ. ಆದರೂ ಅದರ ಲಾಭ ಕರಿಯ ಸೈನಿಕರಿಗೆ ಸರಿಪಾಲಾಗಿ ಸಿಕ್ಕಲಿಲ್ಲ. ವಿಯೆಟ್ನಾಮಿನಲ್ಲಂತೂ 58,000ಕ್ಕೂ ಹೆಚ್ಚು ಅಮೇರಿಕನರು ಅಳಿದರು. ಅದನ್ನು ವಿರೋಧಿಸುವ ಸಭೆ ನಡೆದ ಕೆಂಟ್ ವಿದ್ಯಾಪೀಠದ ಅಂಗಳದಲ್ಲಿ 1970ರ ಮೇ 4ರಂದು ಸ್ವದೇಶದ ಸಿಪಾಯಿಗಳ ಗುಂಡಿಗೆ ನಾಲ್ವರು ವಿದ್ಯಾರ್ಥಿಗಳು ಬಿದ್ದರು.

ಮೇಯರ್ ಶಿಕ್ಷಕನು ದಂಡ ತೆತ್ತು ಸುಮ್ಮನಾಗಬಹುದಾಗಿತ್ತು. ಆಗಲಿಲ್ಲ. ಮೊಕದ್ದಮೆಯು ವಾಷಿಂಗ್ಟನ್ನಿನ ಶ್ರೇಷ್ಠ ನ್ಯಾಯಾಲಯದವರೆಗೆ ಹೋಯಿತು. 1923ರ ಜೂನ್ 4ರಂದು ಏಳು ಜನ ನ್ಯಾಯಾಧೀಶರು ಆತನ ಪರವಾಗಿ, ಇಬ್ಬರು ವಿರೋಧವಾಗಿ ತೀರ್ಪಿತ್ತರು. ವಾಕ್‌ಸ್ವಾತಂತ್ರ್ಯದ ಹಿತೈಷಿಯೆಂದು ಹೆಸರಾದ ಹೋಮ್ಸ್ ನ್ಯಾಯಮೂರ್ತಿಗಳು ವಿರೋಧಿಸಿದ ಇಬ್ಬರಲ್ಲೊಬ್ಬರೆಂಬುದನ್ನು ಅವರ ಭಕ್ತರು ಸಾಮಾನ್ಯವಾಗಿ ಮರೆತುಬಿಡುತ್ತಾರೆ. ಮಗುವಿಗೆ ತಾಯ್ತಂದೆಗಳ ಮಾತನ್ನು ಕಲಿಸುವ ಹಕ್ಕು ಶಿಕ್ಷಕನಿಗೂ, ಕಲಿಸಿಕೊಳ್ಳುವ ಹಕ್ಕು ಪಾಲಕರಿಗೂ ಉಂಟೆಂದು ಆ ದಿನ ಸ್ಥಾಪಿತವಾಯಿತು. ಆದರೆ ಆ ವೇಳೆಗೆ ಹಕ್ಕನ್ನು ಅನುಭವಿಸುವವರೇ ಕರಗಿದ್ದರು. 1915ರಲ್ಲಿ ಅಮೇರಿಕೆಯ ಹೈಸ್ಕೂಲುಗಳಲ್ಲಿ ಹೆಚ್ಚುಕಡಿಮೆ ನಾಲ್ಕರಲ್ಲೊಬ್ಬ ವಿದ್ಯಾರ್ಥಿ ಜರ್ಮನ್ ಕಲಿಯುತ್ತಿದ್ದನು. 1922ರ ಹೊತ್ತಿಗೆ ನೂರಕ್ಕೊಬ್ಬನೂ ಉಳಿದಿರಲಿಲ್ಲ.