ಸುಲ್ತಾನಳ ಕನಸು: ‘ಸೇಡು’ ಎಂದವರು ಓದದೆ ಬಿಟ್ಟದ್ದು

ನಾಳೆಯ ಲೋಕವನ್ನು ಕುರಿತ ಬರೆಹ ಕೈವಾರದ ಜನರಿಗೆ ಹೊಸದಲ್ಲ. ಬಳೆ ಮಾರಿ ಬದುಕಿದ ತಾತಯ್ಯ, ಯೋಗಿ ನಾರೇಯಣ ಯತೀಂದ್ರರ ಕಾಲಜ್ಞಾನವನ್ನು ಶ್ರದ್ಧೆಯಿಂದ ಕೇಳುವವರು ಈ ಸೀಮೆಯಲ್ಲಿ ಇಂದಿಗೂ ಇದ್ದಾರೆ. ನಾಳೆಯನ್ನು ಕಲ್ಪಿಸುವುದೆಂದರೆ ಇಂದಿನ ನಡತೆಯನ್ನು ಒರೆಗೆ ಹಚ್ಚುವುದೇ ಎಂಬುದನ್ನು ಅವರು ಬಲ್ಲರು. ಆದರೆ ಅದೇ ಕೆಲಸವನ್ನು ಹೆಣ್ಣೊಬ್ಬಳು ಕೈಗೆತ್ತಿಕೊಂಡಾಗ ಓದುಗರ ಮುಖಭಾವ ಏಕೆ ಬದಲಾಗುತ್ತದೆ?

1905ರಲ್ಲಿ ಮದರಾಸಿನ ಮಹಿಳಾ ಪತ್ರಿಕೆಯೊಂದರಲ್ಲಿ ‘ಸುಲ್ತಾನಾಸ್ ಡ್ರೀಮ್’ ಎಂಬ ಇಂಗ್ಲಿಷ್ ಕಥೆ ಪ್ರಕಟವಾಯಿತು. ಬರೆದವರು ಬಂಗಾಳದ ರುಕಿಯಾ ಸಖಾವತ್ ಹುಸೇನ್. ಕಥೆಯ ನಾಡಿನಲ್ಲಿ ಗಂಡಸರು ಒಳಮನೆಯಲ್ಲಿರುತ್ತಾರೆ, ಹೆಂಗಸರು ಆಳುತ್ತಾರೆ. ಮಹಿಳಾ ವಿಶ್ವವಿದ್ಯಾನಿಲಯವೊಂದು ಮೋಡದಿಂದಲೇ ನೀರಿಳಿಸುವ ಉಪಾಯ ಕಂಡುಹಿಡಿಯುತ್ತದೆ, ಇನ್ನೊಂದು ಬಿಸಿಲ ಶಾಖವನ್ನು ಕೂಡಿಡುತ್ತದೆ. ಅಡುಗೆಮನೆಯಲ್ಲಿ ಹೊಗೆಯಿಲ್ಲ, ಊರೆಲ್ಲ ತೋಟ. ಇಪ್ಪತ್ತೊಂದು ತುಂಬುವ ಮೊದಲು ಹುಡುಗಿಯರಿಗೆ ಮದುವೆಯಿಲ್ಲ.

ಈ ಕಥೆಯ ಮೊದಲ ಓದುಗ ಲೇಖಕಿಯ ಪತಿ. ಪ್ರವಾಸದಿಂದ ಮರಳಿದ ಅವರು ಹಸ್ತಪ್ರತಿಯನ್ನು ನಿಂತಲ್ಲೇ ಓದಿ ಮುಗಿಸಿ, ಇದು ಭಯಂಕರ ಸೇಡು ಎಂದರಂತೆ. ಅವರು ಹೆಂಡತಿಯ ವಿದ್ಯೆಗೆ ಬೆಂಬಲವಾಗಿದ್ದ ಉದಾರಿ. ಆ ಮಾತಿನಲ್ಲಿ ಮೆಚ್ಚುಗೆಯೂ ಇದ್ದಿರಬಹುದು. ಆದರೆ ಅಂದಿನಿಂದ ಇಂದಿನವರೆಗೆ ಅನೇಕ ಓದುಗರು ಆ ಒಂದು ಪದದಲ್ಲಿಯೇ ನಿಂತುಬಿಟ್ಟಿದ್ದಾರೆ. ಗಂಡಸರನ್ನು ಒಳಗೆ ಕೂಡಿಹಾಕಿದ್ದು ಅವರಿಗೆ ಕಾಣಿಸುತ್ತದೆ. ಕೋಟ್ಯಂತರ ಹೆಂಗಸರು ಹಾಗೆಯೇ ಒಳಗಿದ್ದದ್ದು ಕಾಣಿಸುವುದಿಲ್ಲ. ಕಥೆಯಲ್ಲಿ ಅನ್ಯಾಯವೆನಿಸಿದ್ದು ಬದುಕಿನಲ್ಲಿ ಸಂಪ್ರದಾಯವಾಗಿದ್ದರೆ ತಪ್ಪು ಕಥೆಯದಲ್ಲ.

ಎರಡನೆಯ ಬಗೆಯ ಓದುಗರು ಹೊಗಳುವವರು. ನೂರು ವರ್ಷಗಳ ಹಿಂದೆಯೇ ಸೌರಶಕ್ತಿಯನ್ನು ಕಂಡ ದಾರ್ಶನಿಕೆ ಎಂದು ಕೈಮುಗಿದು ಅವರು ಪುಸ್ತಕ ಮುಚ್ಚುತ್ತಾರೆ. ನಿಂದಕರಿಗಿಂತ ಇವರಿಂದಲೇ ಕಥೆಗೆ ಹೆಚ್ಚಿನ ಹಾನಿ. ಏಕೆಂದರೆ ರುಕಿಯಾ ಕೇಳಿದ ಪ್ರಶ್ನೆ ಯಾವ ಯಂತ್ರ ಬೇಕೆಂಬುದಲ್ಲ. ಯಂತ್ರ ಯಾರ ಕೈಯಲ್ಲಿ, ಯಾರ ಅಗತ್ಯಕ್ಕಾಗಿ ಎಂಬುದು. ಕಥೆಯಲ್ಲಿ ಹೆಂಗಸರು ನೀರು, ಬಿಸಿಲುಗಳ ಸಂಶೋಧನೆಯಲ್ಲಿ ತೊಡಗಿದ್ದಾಗ ಗಂಡಸರು ಸೇನೆ ಬೆಳೆಸುತ್ತಿದ್ದರು. ಆ ಸಂಶೋಧನೆಯನ್ನು ಬರಿಯ ಭಾವುಕತೆಯೆಂದು ತಳ್ಳಿಹಾಕಿದರು. ತನ್ನ ಓದುಗರ ಪ್ರತಿಕ್ರಿಯೆಯನ್ನು ಲೇಖಕಿ ಕಥೆಯೊಳಗೇ ಬರೆದಿಟ್ಟಿದ್ದರು!

ಈ ಪ್ರಶ್ನೆಯನ್ನು ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರಿನ ಹೊಲಗಳಿಗೆ ತಂದು ನೋಡೋಣ. ಪಾಲಾರ್, ಚಿತ್ರಾವತಿ, ಪಿನಾಕಿನಿಗಳು ಹುಟ್ಟುವ ಸೀಮೆ ಇದು; ಆದರೂ ಇಲ್ಲಿ ವರ್ಷವಿಡೀ ಹರಿಯುವ ನದಿಯೊಂದಿಲ್ಲ. ಕೆರೆ, ಕಲ್ಯಾಣಿ, ತೆರೆದ ಬಾವಿಗಳನ್ನು ಮರೆತು ಸಾವಿರ ಅಡಿಗೂ ಆಳಕ್ಕೆ ಕೊಳವೆಬಾವಿ ಕೊರೆದದ್ದಾಯಿತು. ಮೇಲೆ ಬಂದ ನೀರಿನೊಡನೆ ಫ್ಲೋರೈಡ್ ಕೂಡ ಬಂತು. ಈಗ 2019ರ ಕುಸುಮ್ ಯೋಜನೆಯಡಿ ಪಂಪುಗಳಿಗೆ ಸೂರ್ಯನನ್ನು ಜೋಡಿಸಲಾಗುತ್ತಿದೆ. ಸೌರಶಕ್ತಿ ಒಳ್ಳೆಯದೇ. ಆದರೆ ಹಗಲಿಡೀ ಖರ್ಚಿಲ್ಲದೆ ಓಡುವ ಪಂಪಿಗೆ ಮಿತಿ ಹಾಕುವವರಿಲ್ಲದಿದ್ದರೆ ಅದು ಅಂತರ್ಜಲವನ್ನು ಬರಿದು ಮಾಡುವ ಇನ್ನೊಂದು ಬಾಯಿ. ರುಕಿಯಾ ಅವರ ಬಿಸಿಲು ಬಂತು, ಅವರ ವಿವೇಕ ಬರಲಿಲ್ಲ.

ಕೊಡ ಹೊರುವವಳು, ಹಿಪ್ಪುನೇರಳೆ ಸೊಪ್ಪು ಕೊಯ್ಯುವವಳು, ಬೆಟ್ಟದಿಂದ ಸೌದೆ ತರುವವಳು ಹೆಣ್ಣು. ಕೊಳವೆಬಾವಿ ಎಲ್ಲಿ, ಎಷ್ಟು ಆಳ, ಯಾವ ಬೆಳೆಗೆ ಎಂದು ತೀರ್ಮಾನಿಸುವವನು ಮಾತ್ರ ಪಹಣಿಯಲ್ಲಿ ಹೆಸರಿರುವ ಗಂಡಸು. ರಾಜ್ಯದ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲಾಗಿದ್ದು 2010ರಲ್ಲಿ. ಆದರೂ ಎಷ್ಟೋ ಸಭೆಗಳಲ್ಲಿ ಅಧ್ಯಕ್ಷೆಯ ಕುರ್ಚಿಯ ಪಕ್ಕದಲ್ಲಿ ನಿಂತು ಮಾತಾಡುವವರು ಅವರ ಯಜಮಾನರೇ. ಹೀಗಿರುವಾಗ ಕಥೆಯನ್ನು ಸೇಡೆನ್ನುವ ಹಕ್ಕು ಯಾರಿಗಿದೆ?

ಕಥೆಗೆ ಕೊರತೆಯಿಲ್ಲವೆಂದಲ್ಲ. ಗೋಡೆಯನ್ನು ಒಡೆಯದೆ ಒಳಗಿನವರನ್ನು ಹೊರಗೆ, ಹೊರಗಿನವರನ್ನು ಒಳಗೆ ಇಟ್ಟದ್ದು ಮುಕ್ತಿಯಲ್ಲ. ಅಲ್ಲಿ ರಾಣಿಯಿದ್ದಾಳೆ, ವಿದುಷಿಯರಿದ್ದಾರೆ. ಕೂಲಿಯ ಹೆಣ್ಣಿನ ದನಿಯಿಲ್ಲ. ಮೋಡವನ್ನು ಅಂಕೆಯಲ್ಲಿಡಬಹುದೆಂಬ ನಂಬಿಕೆಯೂ ಆ ಕಾಲದ ಅತಿವಿಶ್ವಾಸ. 2017ರಲ್ಲಿ ರಾಜ್ಯವೇ ಮೋಡಬಿತ್ತನೆಗೆ ಕೈಹಾಕಿತ್ತು, ಅದರಿಂದ ಬರ ನೀಗಲಿಲ್ಲ. ಇವು ಓದಿದವರು ಎತ್ತಬೇಕಾದ ಆಕ್ಷೇಪಗಳು. ಓದದವರ ನಗೆಗೆ ಉತ್ತರ ಕೊಡಬೇಕಾಗಿಲ್ಲ.

2024ರಲ್ಲಿ ಯುನೆಸ್ಕೋ ಈ ಕೃತಿಯನ್ನು ಏಷ್ಯಾ-ಪೆಸಿಫಿಕ್ ವಲಯದ ವಿಶ್ವಸ್ಮೃತಿ ದಾಖಲೆಗಳಲ್ಲಿ ಸೇರಿಸಿತು. ಗೌರವ ಸಂದಿತು, ನಿಜ. ಪೆಟ್ಟಿಗೆಯೊಳಗಿನ ಗೌರವದಿಂದ ಕೆರೆಯ ಹೂಳು ಮಾತ್ರ ಎತ್ತಲ್ಪಡುವುದಿಲ್ಲ.

ಕೈವಾರವೇ ಮಹಾಭಾರತದ ಏಕಚಕ್ರಪುರವೆಂದು ಸ್ಥಳಪುರಾಣ ಹೇಳುತ್ತದೆ. ಬಕಾಸುರನಿಗೆ ದಿನಕ್ಕೊಂದು ಬಂಡಿ ಅನ್ನ, ಅದರೊಡನೆ ಒಬ್ಬ ಮನುಷ್ಯ. ಊರು ಅದನ್ನು ಸರದಿಯೆಂದು ಒಪ್ಪಿ ಸುಮ್ಮನಿತ್ತು. ಸರದಿಯೇ ತಪ್ಪೆಂದು ತೀರ್ಮಾನಿಸಿ ಭೀಮನನ್ನು ಕಳುಹಿಸಿದವಳು ಕುಂತಿ. ಜನ ಭೀಮನನ್ನು ನೆನೆಯುತ್ತಾರೆ. ತೀರ್ಮಾನ ಯಾರದೆಂಬುದನ್ನು ಮರೆಯುತ್ತಾರೆ. ಇಂದಿನ ಬಕ ನೆಲದಡಿಯ ನೀರು ಕುಡಿಯುತ್ತಿದ್ದಾನೆ. ವಿದ್ಯಾರ್ಥಿಗಳು ಈ ಪುಟ್ಟ ಕಥೆಯನ್ನು ತಾಯಂದಿರಿಗೆ ಓದಿ ಹೇಳಲಿ. ಮುಂದಿನ ಗ್ರಾಮಸಭೆಯಲ್ಲಿ ಕೊಳವೆಬಾವಿಯ ವಿಷಯ ಬಂದಾಗ ಮೊದಲ ಮಾತು ಕೊಡ ಹೊತ್ತವಳದಾಗಲಿ. ಅದನ್ನೂ ಸೇಡೆನ್ನುವವರಿದ್ದರೆ ಅವರು ಒಂದು ಬೇಸಿಗೆ ಕೊಡ ಹೊತ್ತು ನೋಡಲಿ.