ಸುಗ್ರೀವಾಜ್ಞೆ ಬಂತು, ಸಾಲ ಹೋಯಿತೇ?

ಸಿಂಧನೂರಿನ ಚಹಾದಂಗಡಿಯಿಂದ ಲಿಂಗಸುಗೂರಿನ ಬಸ್‌ಸ್ಟ್ಯಾಂಡಿನವರೆಗೆ ಒಂದು ಮಾತು ಇನ್ನೂ ಓಡಾಡುತ್ತಿದೆ: "ಸುಗ್ರೀವಾಜ್ಞೆ ಬಂದದಲ್ರೀ, ಇನ್ನ ಸಂಘದ ಸಾಲ ಕಟ್ಟಂಗಿಲ್ಲ." ಮಸ್ಕಿ ಕಡೆಯ ಹಳ್ಳಿಗಳಲ್ಲಿ ಗುಳೆ ಹೋದವರೂ ಫೋನು ಹಚ್ಚಿ ಇದನ್ನೇ ಕೇಳುತ್ತಾರೆ. ಕೇಳುವವರ ತಪ್ಪಲ್ಲ, ಆ ಶಬ್ದದ ಆರ್ಭಟವೇ ಹಾಗಿದೆ.

ನಮ್ಮ ಪಕ್ಕದ ಆನೆಗೊಂದಿ ಸೀಮೆಯನ್ನೇ ಕಿಷ್ಕಿಂಧೆ ಅನ್ನುತ್ತೇವೆ. ಅಲ್ಲಿನ ದೊರೆ ಸುಗ್ರೀವ ಸೀತೆಯನ್ನು ಹುಡುಕಲು ಕಪಿಗಳನ್ನು ಅಟ್ಟಿ, ತಿಂಗಳೊಳಗೆ ಬರದಿದ್ದರೆ ತಲೆ ಉಳಿಯದು ಎಂದಿದ್ದ. ಮೀರಲಾಗದ ಅಪ್ಪಣೆಗೆ ಆ ಹೆಸರು ನಿಂತಿತು. ಸರಕಾರದ ಸುಗ್ರೀವಾಜ್ಞೆಯ ಕತೆ ಬೇರೆ. ಇಲ್ಲಿ ವಾಯಿದೆ ಇರುವುದು ಆಜ್ಞೆಗೇ! ಸದನ ನಡೆಯದಿದ್ದಾಗ, ತುರ್ತು ಇದ್ದರೆ, ಸಂವಿಧಾನದ 213ನೇ ವಿಧಿಯಂತೆ ರಾಜ್ಯಪಾಲರು ಅದನ್ನು ಹೊರಡಿಸುತ್ತಾರೆ. ಬಲ ಕಾಯಿದೆಯಷ್ಟೇ. ಆದರೆ ಸದನ ಮತ್ತೆ ಸೇರಿ ಆರು ವಾರ ಕಳೆದರೆ ಅದು ಬಿದ್ದುಹೋಗುತ್ತದೆ. ಅಷ್ಟರಲ್ಲಿ ಮಸೂದೆ ಪಾಸಾಗಿ ಕಾಯಿದೆಯಾಗಬೇಕು. ಬಿಹಾರ ಸರಕಾರ 1967ರಿಂದ 1981ರೊಳಗೆ 256 ಸುಗ್ರೀವಾಜ್ಞೆ ಹೊರಡಿಸಿ, ಸತ್ತವನ್ನೇ ಮತ್ತೆ ಮತ್ತೆ ಎಬ್ಬಿಸಿತ್ತು. ಇದು ಸಂವಿಧಾನಕ್ಕೆ ಮಾಡಿದ ವಂಚನೆ ಎಂದು 1986ರಲ್ಲಿ ಸುಪ್ರೀಂ ಕೋರ್ಟು ಛೀಮಾರಿ ಹಾಕಿತು.

ಈಗ ನಮ್ಮ ಸಾಲದ ಮಾತು. ಕಿರುಸಾಲದವರ ಕಿರುಕುಳ ತಡೆಯುವ ಸುಗ್ರೀವಾಜ್ಞೆಯನ್ನು ರಾಜ್ಯಪಾಲ ಥಾವರ್‌ಚಂದ್ ಗೆಹ್ಲೋಟ್ 2025ರ ಫೆಬ್ರವರಿಯಲ್ಲಿ ಒಮ್ಮೆ ವಾಪಸ್ ಕಳಿಸಿದರು. 10 ವರ್ಷ ಜೈಲು, 5 ಲಕ್ಷ ದಂಡ ಅತಿಯಾಯಿತು ಎಂಬುದು ಅವರ ತಕರಾರು. ಫೆಬ್ರವರಿ 12ರಂದು ಅದಕ್ಕೆ ಅಂಕಿತ ಬಿತ್ತು. ಮಾರ್ಚಿನಲ್ಲಿ ವಿಧಾನಮಂಡಲ ಮಸೂದೆ ಪಾಸು ಮಾಡಿ, ಅದು ಕಾಯಿದೆಯಾಯಿತು. ಅಂದಮೇಲೆ ಜನ ಹೆಸರು ಹೇಳುವ ಸುಗ್ರೀವಾಜ್ಞೆ ಈಗ ಇಲ್ಲ, ಇರುವುದು ಕಾಯಿದೆ. ಸುಗ್ರೀವಾಜ್ಞೆಗೆ ಸಿಕ್ಕ ಡಂಗುರ ಕಾಯಿದೆಗೆ ಸಿಗಲಿಲ್ಲ ಅಷ್ಟೇ.

ಆ ಕಾಯಿದೆಯಲ್ಲಿ ಸಾಲ ತೀರಿತೆಂದು ಲೆಕ್ಕ ಹಾಕುವುದು ಯಾರದ್ದು? ಲೈಸೆನ್ಸು, ನೋಂದಣಿ ಇಲ್ಲದ ಲೇವಾದೇವಿಗಾರರಿಂದ ದುರ್ಬಲ ವರ್ಗದ ಬಡವರು ತಂದ ಸಾಲ ಮಾತ್ರ. ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿತ ಬ್ಯಾಂಕು, ಹಣಕಾಸು ಕಂಪನಿಗಳಿಗೆ ಇದು ಅನ್ವಯಿಸುವುದಿಲ್ಲ. ವಾರವಾರ ಗುಂಪು ಕೂಡಿಸಿ ಕಂತು ಎತ್ತುವವರಲ್ಲಿ ಇಂಥವರೂ ಇದ್ದಾರೆ. ಅವರ ಕಂತು ನಿಲ್ಲಿಸಿದರೆ ಬಡ್ಡಿ ಬೆಳೆಯುತ್ತದೆ, ಮುಂದೆ ಬ್ಯಾಂಕಿನ ಬಾಗಿಲೂ ಮುಚ್ಚುತ್ತದೆ.

ಹಾಗಂತ ಆ ಕಂಪನಿಯವರಿಗೂ ನಡುರಾತ್ರಿ ಬಾಗಿಲು ಬಡಿಯುವ ಹಕ್ಕಿಲ್ಲ. ಬೆಳಗಿನ 9ಕ್ಕೆ ಮುಂಚೆ, ಸಂಜೆ 6ರ ನಂತರ ಸಾಲಗಾರರಿಗೆ ಫೋನು ಮಾಡುವುದೂ ಕಿರುಕುಳವೇ ಎಂದು ರಿಸರ್ವ್ ಬ್ಯಾಂಕು 2022ರಲ್ಲೇ ಹೇಳಿತ್ತು. ಕಂತು ಎತ್ತಲು ಬಂದವನಿಗೆ "ನಿಮ್ಮ ಕಂಪನಿ ನೋಂದಣಿ ಎಲ್ಲಿ ಆಗ್ಯಾದ, ಕಾಗದ ತೋರಿಸ್ರಿ" ಅಂತ ಅಕ್ಕಂದಿರು ಮೊದಲು ಕೇಳಲಿ.